ಎಡಗೈಗೆ ಒಂದು ಕಾಫಿ ಮಿಷನ್

ಇಟಲಿಗೆ ಹೋಗಿ ಬಂದೆವು ಎಂದಾಗ ಕೆಜಿಎಫ್‌ನ ನಮ್ಮ ಊರಿಗಾಂನಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ರೋಮ್ ನೋಡಿದ್ರಾ, ಆ ವಾಲಿಕೊಂಡಿರೋ ಗೋಪುರದ ಮುಂದೆ ಫೋಟೊ ತೆಗೆಸ್ಕೊಂಡ್ರಾ? ಎರಡೂ ಇಲ್ಲ. ನಾವು ನೋಡಿದ್ದು ಟ್ರಿಯೆಸ್ತೆ ಎಂಬ ಬಂದರಿನ ಊರು. ಅದರಲ್ಲೂ ಹೆಚ್ಚಾಗಿ ನೋಡಿದ್ದು ಆ ಊರಿನ ಒಂದು ಅಡುಗೆಮನೆ ಮತ್ತು ಒಂದು ರಿಪೇರಿ ಅಂಗಡಿ. ಹೀಗೆಂದರೆ ಕೇಳಿದವರು ಪಾಪ ಎನ್ನುವ ಹಾಗೆ ಮುಖ ಮಾಡುತ್ತಾರೆ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಊರಿಗಾಂ

ನನ್ನ ಯಜಮಾನರು ಮುನಿರಾಜು. ಬೂದಿಕೋಟೆ ಕಡೆಯ ಹಸು ಸಾಕುವ ಮನೆಯಲ್ಲಿ ಹುಟ್ಟಿ, ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ನಾನು ಬಂಗಾರಪೇಟೆಯ ಶಾಲೆಯೊಂದರಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ದಿನವೂ ಊರಿಗಾಂನಿಂದ ರೈಲಿನಲ್ಲಿ ಹೋಗಿಬರುವುದು. ಎರಡು ವರ್ಷದ ಕೆಳಗೆ, ಒಂದು ಸಂಜೆ ಬಂಗಾರಪೇಟೆ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ನನ್ನ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಕೊಂಚ ಓರೆಯಾಗಿ. ಸುಮ್ಮನಿದ್ದರೆ ನೋವೇನೂ ಇಲ್ಲ. ಆದರೆ ಯಾವುದನ್ನೂ ತಿರುಗಿಸಲಾರೆ, ಭಾರ ಹಾಕಿ ಒತ್ತಲಾರೆ.

ಕೈ ಹೀಗಾದ ಮೇಲೆ ಮೊದಲು ನನ್ನನ್ನು ಸೋಲಿಸಿದ್ದು ಕಾಫಿ ಫಿಲ್ಟರು. ಅದರ ಮೇಲಿನ ಡಬ್ಬಿ ಕೆಳಗಿನದಕ್ಕೆ ಕಚ್ಚಿಕೊಂಡು ಬಿಟ್ಟರೆ ತಿರುಗಿಸಿಯೇ ಬಿಡಿಸಬೇಕು ಎಂಬುದು ಕಾಫಿ ಕುಡಿಯುವ ಮನೆಯವರಿಗೆಲ್ಲ ಗೊತ್ತು. ಒಂದು ಬೆಳಿಗ್ಗೆ ನಾನು ಅದರ ಜೊತೆ ಗುದ್ದಾಡಿ ಡಿಕಾಕ್ಷನ್ನನ್ನೆಲ್ಲ ಕಟ್ಟೆಯ ಮೇಲೆ ಚೆಲ್ಲಿಕೊಂಡಾಗ ಇವರು ಎದ್ದು ಬಂದರು.

"ಬಿಡೇ ಅತ್ಲಾಗೆ. ಇನ್ಮೇಲೆ ಕಾಫಿ ನಂದು," ಎಂದರು.

ಅಲ್ಲಿಯವರೆಗೆ ಒಲೆ ಹಚ್ಚಿ ಗೊತ್ತಿಲ್ಲದ ಮನುಷ್ಯ. ಮೊದಮೊದಲು ಇವರು ಕೊಟ್ಟ ಕಾಫಿಯನ್ನು ನಾನು ಕಣ್ಣು ಮುಚ್ಚಿಕೊಂಡು ಕುಡಿದೆ. ಆಮೇಲೆ ಕೈ ಪಳಗಿತು. ಕೈ ಪಳಗಿದ್ದೇ ತಲೆ ಕೆಟ್ಟಿತು. ಫೋನಿನಲ್ಲಿ ಎಸ್ಪ್ರೆಸೊ ಮಿಷನ್ನುಗಳ ವಿಡಿಯೊ ನೋಡಲು ಶುರು ಮಾಡಿದರು. ಊಟಕ್ಕೆ ಕೂತರೆ ಬಾಯ್ಲರು, ಮಲಗಿದರೆ ಗ್ರೈಂಡರು. ಬೂದಿಕೋಟೆಯಿಂದ ಮೈದುನ ಹಾಲು ತಂದರೆ ಅವನಿಗೂ ಪ್ರೆಷರಿನ ಪಾಠ. ಅಷ್ಟರಲ್ಲಿ, ಟ್ರಿಯೆಸ್ತೆಯಲ್ಲಿ ಸಮುದ್ರದ ಬಗ್ಗೆ ಓದುತ್ತಿದ್ದ ನನ್ನ ತಂಗಿಯ ಮಗಳು ಚೈತ್ರ, ತನ್ನ ಓದು ಮುಗಿಯುವುದರೊಳಗೆ ಒಮ್ಮೆ ಬನ್ನಿ ಎಂದು ಕರೆದಳು. ನಾನು ಸಮುದ್ರ ನೋಡಲು ಹೊರಟೆ. ಇವರು ಹೊರಟಿದ್ದು ಮಿಷನ್ ತರಲು.

ಮೊದಲ ಬೆಳಿಗ್ಗೆ

ಟ್ರಿಯೆಸ್ತೆ ಇಟಲಿಯ ಅಂಚಿನಲ್ಲಿದೆ. ಬೆನ್ನ ಹಿಂದಿನ ಗುಡ್ಡ ಹತ್ತಿದರೆ ಸ್ಲೊವೇನಿಯಾ. ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ಫೋನಿನಲ್ಲಿ ಸ್ಲೊವೇನಿಯನ್ ಭಾಷೆಯಲ್ಲಿ ಮಗಳನ್ನು ಬೈದು, ಅದೇ ಉಸಿರಿನಲ್ಲಿ ಇಟಾಲಿಯನ್ನಿನಲ್ಲಿ ನಮಗೆ ಜರುಗಿ ಎಂದಳು. ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ನಮ್ಮಲ್ಲಿ ತರಕಾರಿಯವಳು ಕನ್ನಡದಲ್ಲಿ ತೂಗಿ, ತಮಿಳಿನಲ್ಲಿ ಚೌಕಾಸಿ ಮಾಡಿ, ತೆಲುಗಿನಲ್ಲಿ ಚಿಲ್ಲರೆ ಇಲ್ಲ ಎನ್ನುವುದಿಲ್ಲವೇ.

ಮೊದಲ ಬೆಳಿಗ್ಗೆ ಚೈತ್ರ ನಮ್ಮನ್ನು ಬೀದಿ ಮೂಲೆಯ ಕಾಫಿ ಅಂಗಡಿಗೆ ಕರೆದುಕೊಂಡು ಹೋದಳು. ಇವರು ವಿಡಿಯೊಗಳಲ್ಲಿ ಕಲಿತ ಧೈರ್ಯದಲ್ಲಿ ಮುಂದೆ ಹೋಗಿ ತಾವೇ "ಕಾಪುಚಿನೊ" ಎಂದು ಹೇಳಿದರು. ಬಂದದ್ದು ಗಾಡಿಯ ಕೀಲೆಣ್ಣೆ ಬಟ್ಟಲಿನಷ್ಟು ಪುಟ್ಟ ಕಪ್ಪು, ಅದರಲ್ಲಿ ಎರಡು ಗುಟುಕು ಕಾಫಿ, ಮೇಲೊಂದು ಚೂರು ನೊರೆ.

"ಇದೇನಮ್ಮ, ಸ್ಯಾಂಪಲ್ ಕೊಟ್ಟವ್ನೆ?" ಎಂದು ಚೈತ್ರಳನ್ನು ಕೇಳಿದರು.

"ಇಲ್ಲ ದೊಡ್ಡಪ್ಪ. ಈ ಊರಲ್ಲಿ ಕಾಪುಚಿನೊ ಅಂದ್ರೆ ಇದೇ. ನೀವು ವಿಡಿಯೊದಲ್ಲಿ ನೋಡಿದ್ದು ಬೇಕಾದ್ರೆ ಕಾಫೆಲಾತ್ತೆ ಅನ್ಬೇಕು. ಇಟಲಿ ಪೂರ್ತಿ ಒಂದು ಹೆಸರು, ಇವರದು ಇನ್ನೊಂದು."

ಯಾರೂ ಕೂರುವುದಿಲ್ಲ. ಕೋಟು ಹಾಕಿದವರು, ಚೀಲ ಹೊತ್ತವರು, ನಾಯಿ ಹಿಡಿದವರು ಎಲ್ಲರೂ ಕಟ್ಟೆಗೆ ಮೊಣಕೈ ಊರಿ ನಿಂತು, ಎರಡು ಗುಟುಕಿಗೆ ಮುಗಿಸಿ ನಡೆಯುತ್ತಾರೆ. ಬೆಂಗಳೂರಿನ ರೈಲು ಹೊರಡುವ ಮುಂಚೆ ನಮ್ಮ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಜನ ಕುಡಿಯುವುದೂ ಹೀಗೇ. ವ್ಯತ್ಯಾಸವೆಂದರೆ ಇಲ್ಲಿ ಯಾವ ರೈಲೂ ಹೊರಟಿರಲಿಲ್ಲ.

ನೇವಾಳ ಅಡುಗೆಮನೆ

ಚೈತ್ರ ಬಾಡಿಗೆಗಿದ್ದ ಮನೆಯ ಒಡತಿ ನೇವಾ. ಎಪ್ಪತ್ತು ದಾಟಿದ ಹೆಂಗಸು, ಕೆಳಗಿನ ಮನೆಯಲ್ಲಿ ಒಬ್ಬಳೇ ಇದ್ದಳು. ಗಂಡ ಹಡಗುಗಳಲ್ಲಿ ಮೆಕ್ಯಾನಿಕ್ ಆಗಿದ್ದವನು, ತೀರಿಕೊಂಡು ಕೆಲವು ವರ್ಷವಾಗಿತ್ತು. ನಾವು ಬಂದ ಸುದ್ದಿ ಕೇಳಿ ಕಾಫಿಗೆ ಕರೆದಳು. ಅವಳ ಮಾತನ್ನೆಲ್ಲ ಚೈತ್ರ ಕನ್ನಡ ಮಾಡಿ ಹೇಳುತ್ತಿದ್ದಳು.

ಬರಿಗೈಯಲ್ಲಿ ಹೋಗುವುದು ಹೇಗೆಂದು ನಾನು ಬಂಗಾರಪೇಟೆಯಿಂದ ತಂದಿದ್ದ ಕಾಫಿ ಪುಡಿಯ ಪೊಟ್ಟಣ ಕೊಟ್ಟೆ. ಚಿಕೋರಿ ಬೆರೆಸಿದ, ನಮ್ಮ ಮನೆಯ ಮಾಮೂಲಿ ಪುಡಿ. ನೇವಾ ಸಂತೋಷದಿಂದ ಮೂಗಿಗೆ ಹಿಡಿದು ನೋಡಿ, ಅಲ್ಲೇ ತನ್ನ ಸಣ್ಣ ಮಿಷನ್ನಿಗೆ ತುಂಬಿದಳು. ಪುಡಿ ತುಂಬಲು ಹಿಡಿ ಇರುವ ಒಂದು ಬಟ್ಟಲಿರುತ್ತದೆ. ಅದನ್ನು ಮಿಷನ್ನಿನ ಬಾಯಿಗೆ ಕೊಟ್ಟು ತಿರುಗಿಸಿ ಬಿಗಿ ಮಾಡಬೇಕು. ಇವರು ಅದಕ್ಕೆ ಸೌಟು ಎಂದು ಹೆಸರಿಟ್ಟರು, ನಮಗೆಲ್ಲ ಅದೇ ರೂಢಿಯಾಯಿತು.

ಸ್ವಿಚ್ಚು ಒತ್ತಿದಳು. ಮಿಷನ್ ಗೊಂಯ್ ಎಂದಿತು, ನಡುಗಿತು, ಒಂದು ಹನಿಯೂ ಇಳಿಯಲಿಲ್ಲ. ಚಿಕೋರಿ ಬಿಸಿನೀರು ಕುಡಿದು ಉಬ್ಬಿ, ಅಂಟಿನ ಹಾಗೆ ಗಟ್ಟಿಯಾಗಿ ದಾರಿ ಮುಚ್ಚಿಬಿಟ್ಟಿತ್ತು. ನೇವಾ ಸ್ವಿಚ್ಚು ಆರಿಸಿ ಸೌಟನ್ನು ಕೊಂಚ ಸಡಿಲಿಸಿದ್ದೇ ತಡ, ಒಳಗೆ ಸಿಕ್ಕಿಕೊಂಡಿದ್ದ ಒತ್ತಡವೆಲ್ಲ ಒಮ್ಮೆಲೇ ಹೊರಬಂದು ಗೋಡೆ, ಪರದೆ, ಇವರ ಬಿಳಿ ಅಂಗಿ ಎಲ್ಲದರ ಮೇಲೂ ಕಂದು ಚುಕ್ಕಿ. ನಾನು ಗಾಬರಿಯಿಂದ ಸೆರಗಿನಲ್ಲಿ ಗೋಡೆ ಒರೆಸತೊಡಗಿದೆ. ನೇವಾ ಕುರ್ಚಿಯಲ್ಲಿ ಕೂತು ನಗತೊಡಗಿದಳು. ಪೊಟ್ಟಣವನ್ನು ಮತ್ತೆ ಮೂಸಿ ಏನೋ ಹೇಳಿದಳು.

"ಇದರಲ್ಲಿ ಚಿಕೋರಿ ಇದೆಯಲ್ಲ, ಅಂತಾರೆ," ಎಂದಳು ಚೈತ್ರ. "ಯುದ್ಧದ ಕಾಲದಲ್ಲಿ ಕಾಫಿ ಸಿಗದೆ ಇವರಮ್ಮ ಬರೀ ಇದನ್ನೇ ಕುದಿಸಿ ಕುಡೀತಿದ್ರಂತೆ. ನೀವು ಯಾರ ಬಲವಂತವೂ ಇಲ್ಲದೆ ಕುಡೀತೀರಾ ಅಂತ ಕೇಳ್ತಿದಾರೆ."

"ಇಷ್ಟಪಟ್ಟು ಕುಡೀತೀವಿ ಅಂತ ಹೇಳು," ಎಂದೆ.

ಇವರು ಅಷ್ಟರಲ್ಲಿ ಅಂಗಿಯ ಕೈ ಮಡಿಸಿ, ಮಿಷನ್ನಿನ ಬಾಯಿಯ ಜಾಲರಿ ಬಿಚ್ಚಿ, ನೇವಾಳ ಹಳೇ ಟೂತ್‌ಬ್ರಷ್ ಕೇಳಿ ತೆಗೆದುಕೊಂಡು ತೊಳೆಯುತ್ತಿದ್ದರು. ಮತ್ತೆ ಜೋಡಿಸಿ ಸ್ವಿಚ್ಚು ಹಾಕಿದಾಗ ನೀರು ಸಲೀಸಾಗಿ ಇಳಿಯಿತು. ನೇವಾ ಅವರ ಕೈಗಳನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಒಳಗಿನ ಬೀರುವಿನಿಂದ ಕಂಬಳಿ ಸುತ್ತಿದ ಒಂದು ಭಾರದ ವಸ್ತು ತಂದು ಮೇಜಿನ ಮೇಲಿಟ್ಟಳು.

ಗಂಡನ ಮಿಷನ್. ಸ್ವಿಚ್ಚಿನಿಂದ ಕಾಫಿ ಇಳಿಸುವುದಲ್ಲ. ನೆತ್ತಿಯ ಮೇಲೆ ಉದ್ದನೆಯ ಸನ್ನೆಕೋಲು, ಅದನ್ನು ಕೈಯಿಂದ ಕೆಳಕ್ಕೆ ಎಳೆದು ನೀರನ್ನು ಪುಡಿಯ ಮೂಲಕ ಒತ್ತಬೇಕು. ಒಳಗಿನ ರಬ್ಬರೆಲ್ಲ ಒಣಗಿ ಬಿರಿದು ಎಷ್ಟೋ ಕಾಲದಿಂದ ನಿಂತಿತ್ತು. ಇವರು ಅದನ್ನು ಮುಟ್ಟಿದ ರೀತಿ ನೋಡಿ ನನಗೆ, ನಮ್ಮ ಮಾವ ಹೊಸ ಹಸುವಿನ ಕೆಚ್ಚಲು ಮುಟ್ಟಿ ನೋಡುತ್ತಿದ್ದುದು ನೆನಪಾಯಿತು.

ಗಾಳಿಯ ದಿನ

ಟ್ರಿಯೆಸ್ತೆಗೆ ತನ್ನದೇ ಒಂದು ಗಾಳಿ ಇದೆ. ಹೆಸರು ಬೋರಾ. ಗುಡ್ಡದ ಮೇಲಿಂದ ಸಮುದ್ರಕ್ಕೆ ಧುಮುಕುತ್ತದೆ. ಹಿಂದೆ ಜನ ಹಿಡಿದುಕೊಂಡು ನಡೆಯಲೆಂದು ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಿದ್ದರಂತೆ. ಬೋರಾ ಬೀಸಿದ ದಿನ ಕಸದ ಡಬ್ಬಿಗಳಿಂದ ಮುರಿದ ಕೊಡೆಗಳು ಕಾಲು ಚಾಚಿಕೊಂಡಿರುತ್ತವೆ. ಅಂಥ ದಿನವೇ ಇವರಿಗೆ ನೇವಾಳ ಗಂಡನ ಮಿಷನ್ನಿಗೆ ರಬ್ಬರ್ ತರಲು ಡಾರಿಯೊ ಎಂಬುವನ ರಿಪೇರಿ ಅಂಗಡಿಗೆ ಹೋಗಬೇಕಾಗಿತ್ತು.

ಇವರು ಕೋಲಾರದ ಚಳಿಗೆ ಕೊಂಡ ಮಂಕಿ ಟೋಪಿ ಹಾಕಿಕೊಂಡರು. ಚೈತ್ರಳಿಗೆ ನಾಚಿಕೆ, ನಾಲ್ಕು ಹೆಜ್ಜೆ ಮುಂದೆ ನಡೆದಳು. ಬಂದರಿನ ತಿರುವಿನಲ್ಲಿ ಗಾಳಿ ಬಂದು ಗುದ್ದಿದಾಗ ಒಬ್ಬ ದೊಡ್ಡ ಮನುಷ್ಯನ ಹ್ಯಾಟು ಸಮುದ್ರಕ್ಕೆ ಹೋಯಿತು, ಚೈತ್ರಳ ಉಣ್ಣೆಯ ಟೋಪಿ ಅದರ ಹಿಂದೆ ಹೋಯಿತು. ನಾನು ಒಂದು ದೀಪದ ಕಂಬವನ್ನು ತಬ್ಬಿಕೊಂಡು ನಿಂತೆ. ಇವರ ಮಂಕಿ ಟೋಪಿ ಇದ್ದಲ್ಲೇ ಇತ್ತು. ಹ್ಯಾಟು ಕಳೆದುಕೊಂಡ ಮನುಷ್ಯ ಅದನ್ನು ಆಸೆಯಿಂದ ನೋಡಿದ.

ಡಾರಿಯೊ ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಸರಿಮಾಡಿ ಮಾರಲಿಟ್ಟ ಹಳೇ ಕಾಫಿ ಮಿಷನ್ನುಗಳು. ರಬ್ಬರ್ ಕೊಡುತ್ತಾ ಅವನು ಒಂದು ಮಾತು ಹೇಳಿದ. ಮನೆಗೆ ಕೊಳ್ಳುವವರೆಲ್ಲ ಮಿಷನ್ ನೋಡಿ ಮರುಳಾಗುತ್ತಾರೆ, ಮೊದಲು ಗ್ರೈಂಡರ್ ನೋಡಬೇಕು; ಪುಡಿ ಒಂದೇ ಸಮ ಇಲ್ಲದಿದ್ದರೆ ಎಂಥ ಮಿಷನ್ನೂ ಏನೂ ಮಾಡಲಾರದು.

"ಸರಿಯಾಗೇ ಯೋಳ್ತಾವ್ನೆ," ಎಂದು ಇವರು ತಲೆಯಾಡಿಸಿದರು. "ಇಟ್ಟು ರುಬ್ಬೋದು ಕೆಟ್ರೆ ಇಡ್ಲಿ ಪಾತ್ರೆ ಬೆಳ್ಳೀದಾದ್ರೂ ಏನ್ ಬಂತು?"

ಚೈತ್ರ ಇದನ್ನು ಇಟಾಲಿಯನ್ನಿಗೆ ತರಲು ಬಹಳ ಕಷ್ಟಪಟ್ಟಳು. ಇಡ್ಲಿ ಏನೆಂದು ವಿವರಿಸುವುದರಲ್ಲೇ ಅರ್ಧ ಬೆಳಿಗ್ಗೆ ಹೋಯಿತು.

ಸನ್ನೆ

ಇವರು ನೇವಾಳ ಅಡುಗೆಮನೆಯಲ್ಲೇ ಬೀಡುಬಿಟ್ಟರು. ಬಾಯ್ಲರಿನ ಸುಣ್ಣ ಕೆರೆದರು, ರಬ್ಬರ್ ಬದಲಾಯಿಸಿದರು, ಸನ್ನೆಯ ಪಿನ್ನಿಗೆ ಗ್ರೀಸ್ ಹಚ್ಚಿದರು. ಒಬ್ಬರ ಭಾಷೆ ಒಬ್ಬರಿಗೆ ಗೊತ್ತಿಲ್ಲದಿದ್ದರೂ ಇವರೂ ನೇವಾಳೂ ಕನ್ನಡದಲ್ಲಿ ಒಬ್ಬರು, ಇಟಾಲಿಯನ್ನಿನಲ್ಲಿ ಒಬ್ಬರು ಮಾತಾಡಿಕೊಂಡೇ ಇದ್ದರು. ಕೊನೆಗೊಂದು ಮಧ್ಯಾಹ್ನ ಆ ಮಿಷನ್ನಿನಿಂದ ಕಾಫಿ ಇಳಿಯಿತು. ಇಲಿಯ ಬಾಲದಷ್ಟು ತೆಳ್ಳಗೆ, ಜೇನಿನ ಬಣ್ಣಕ್ಕೆ. ನೇವಾ ಕುಡಿದು, ಕಪ್ಪು ಕೆಳಗಿಟ್ಟಳು. ಆಮೇಲೆ ಮಿಷನ್ನನ್ನು ಇವರ ಕಡೆ ಸರಿಸಿದಳು.

"ನಿಮಗೇ ಅಂತೆ ದೊಡ್ಡಪ್ಪ," ಎಂದಳು ಚೈತ್ರ. "ಕೆಲಸ ಗೊತ್ತಿರೋರ ಮನೇಲಿರಲಿ ಅಂತಾರೆ."

ನಿವೃತ್ತಿಯಾದ ಮೇಲೆ ಇವರ ಮುಖ ಅಷ್ಟರ ಮಟ್ಟಿಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. "ಬಾರೇ ಜಯಾ, ನೀನೂ ಒಂದ್ಸಲ ಎಳಿ," ಎಂದು ಕರೆದರು.

ನಾನು ಎಡಗೈಯಿಂದ ಸನ್ನೆ ಹಿಡಿದು ಎಳೆದೆ. ಅರ್ಧಕ್ಕೆ ನಿಂತಿತು. ಬಲಗೈ ಸೇರಿಸಿದೆ, ಮಣಿಕಟ್ಟಿನಲ್ಲಿ ಚಳಕು ಹೊಡೆಯಿತು. ಕೂಡಲೇ ಇವರು ಹಿಂದಿನಿಂದ ಬಂದು ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು ಸಲೀಸಾಗಿ ಕೆಳಕ್ಕೆ ಒತ್ತಿದರು.

"ಅಷ್ಟೇ. ನಾನಿದೀನಲ್ಲ, ಮಾಡ್ಕೊಡ್ತೀನಿ ಬಿಡು," ಎಂದರು.

ನನಗೆ ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. "ರೀ, ಇದು ನಮಗೆ ಬೇಡ," ಎಂದುಬಿಟ್ಟೆ.

"ಯಾಕೆ?"

"ಇದರಲ್ಲಿ ನಾನು ಕಾಫಿ ಮಾಡಕ್ಕಾಗಲ್ಲ."

"ನೀನ್ಯಾಕೆ ಮಾಡ್ಬೇಕು? ನಾನ್ ಮಾಡ್ತೀನಲ್ಲ."

"ನೀವು ಮಾಡ್ತೀರ. ಜಡೆ ನೀವೇ ಹಾಕ್ತೀರ, ಸೆರಗಿಗೆ ಪಿನ್ನು ನೀವೇ ಚುಚ್ತೀರ, ಬಾಟ್ಲಿ ಮುಚ್ಚಳ ನೀವೇ ತೆಗೀತೀರ. ಎಲ್ಲ ಚೆನ್ನಾಗೇ ಮಾಡ್ತೀರ. ಮುಂಚೆ ಎಲ್ಲರಿಗಿಂತ ಮೊದಲೆದ್ದು ನನ್ನ ಪಾಡಿಗೆ ನಾನು ಕಾಫಿ ಮಾಡ್ಕೊಂಡು ಬಾಗಿಲ ಹತ್ರ ಕೂರ್ತಿದ್ದೆ. ಯಾರೂ ಕೊಡ್ಬೇಕಾಗಿರಲಿಲ್ಲ, ಯಾರಿಗೂ ಕಾಯ್ಬೇಕಾಗಿರಲಿಲ್ಲ. ನನಗೆ ಅದು ಬೇಕು."

ಚೈತ್ರ ಇದನ್ನು ಅನುವಾದ ಮಾಡಲಿಲ್ಲ. ನೇವಾ ಕೇಳಲೂ ಇಲ್ಲ. ಇವರು ಚಿಂದಿಯಲ್ಲಿ ಕೈ ಒರೆಸಿಕೊಂಡರು, ಒರೆಸಿದ ಕೈಯನ್ನೇ ಮತ್ತೆ ಒರೆಸಿದರು. "ಒಂದ್ ಸುತ್ತು ಓಗಿ ಬತ್ತೀನಿ," ಎಂದು ಹೊರಟುಹೋದರು.

ಅವರ ಮನಸ್ಸಿಗೆ ನೋವಾಗಿದೆ ಎಂದು ನನಗೆ ಗೊತ್ತಿತ್ತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಮಾತ್ರ ಅನ್ನಿಸಲಿಲ್ಲ. ನೇವಾ ನನ್ನ ಬಲಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಮಣಿಕಟ್ಟಿನ ಗಂಟನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಎದ್ದು ಬಿಸ್ಕತ್ತು ತಂದಳು. ಮೂವರೂ ಕೂತು ತಿಂದೆವು.

ಡಾರಿಯೊ ಅಂಗಡಿ, ಎರಡನೆಯ ಸಲ

ಮರುದಿನ ತಿಂಡಿ ಆದ ಮೇಲೆ ಇವರು, "ನಡೀರಿ, ಆ ರಿಪೇರಿಯವ್ನತ್ರ ಓಗಾನ," ಎಂದರು. ಹಿಂದಿನ ದಿನದ ಮಾತೇ ಎತ್ತಲಿಲ್ಲ. ದಾರಿಯಲ್ಲೂ ಬೇರೇನೋ ಮಾತಾಡಿದರು, ಅಲ್ಲಿನ ಸೀಗಲ್ ಹಕ್ಕಿಗಳು ನಮ್ಮ ಕಾಗೆಗಳಿಗಿಂತ ಕಳ್ಳವು ಎಂದೆಲ್ಲ.

ಅಂಗಡಿಯೊಳಗೆ ಹೋದವರೇ ಬಲಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಎಡಗೈಯಿಂದ ಮೊದಲ ಮಿಷನ್ನಿನ ಸೌಟು ತೆಗೆದು ಮತ್ತೆ ಕೂರಿಸಲು ನೋಡಿದರು. ಸೌಟು ತಿರುಗುವ ಬದಲು ಮಿಷನ್ನೇ ಮೇಜಿನ ಮೇಲೆ ತಿರುಗಿ ನಿಂತಿತು. ಎರಡನೆಯದು ನೀರಿನ ಡಬ್ಬಿಯನ್ನು ಹಿಂದುಗಡೆಯಿಂದ ಎತ್ತುವಂಥದ್ದು, ಒಂದು ಕೈಗೆ ಬಗ್ಗಲಿಲ್ಲ. ಮೂರನೆಯದರ ಹಾಲಿನ ಚೊಂಬು ಎಡಗೈಯಿಂದ ಜಾರಿ ನೆಲಕ್ಕೆ ಬಿದ್ದು ಅಂಗಡಿಯ ತುಂಬ ಉರುಳಿತು. ಡಾರಿಯೊ ಗಾಬರಿಯಾಗಿ ಚೈತ್ರಳ ಕಿವಿಯಲ್ಲಿ ಏನೋ ಕೇಳಿದ.

"ಮೊನ್ನೆ ಬಂದಾಗ ದೊಡ್ಡಪ್ಪನ ಎರಡೂ ಕೈ ಚೆನ್ನಾಗಿತ್ತಲ್ಲ ಅಂತಿದಾರೆ," ಎಂದಳು ಅವಳು.

"ನಮ್ಮನೆಯವ್ರಿಗೆ ಅಂತ ಯೋಳಮ್ಮ," ಎಂದರು ಇವರು, ನನ್ನ ಕಡೆ ನೋಡದೆ. "ಎಡಗೈ ಒಂದ್ರಾಗೇ ಆಗ್ಬೇಕು. ನಾನು ಮಗ್ಗುಲಾಗೆ ಇರಾಕಿಲ್ಲ ಅಂತ ಲೆಕ್ಕ."

ಅದು ಕಿವಿಗೆ ಬಿದ್ದಾಗ ನಾನು ಗೋಡೆಯ ಮೇಲಿದ್ದ ಒಂದು ಹಳೇ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುವವಳಂತೆ ನಿಂತೆ.

ಚೈತ್ರ ಹೇಳಿದ್ದು ಕೇಳಿ ಡಾರಿಯೊ ತಾನೂ ಬಲಗೈಯನ್ನು ಏಪ್ರನ್ನಿನ ಜೇಬಿಗೆ ಹಾಕಿದ. ಆಮೇಲೆ ಆ ಇಬ್ಬರು ಗಂಡಸರು ಒಂಟಿ ಕೈಯಲ್ಲಿ ಇಡೀ ಅಂಗಡಿ ಜಾಲಾಡಿದ್ದು ನೋಡುವ ಹಾಗಿತ್ತು. ಕಾಫಿ ಬೀಜ ಚೆಲ್ಲಿದರು, ನೀರು ಚೆಲ್ಲಿದರು, ಒಬ್ಬರ ಕಾಲು ಒಬ್ಬರು ತುಳಿದರು. ಮಧ್ಯದಲ್ಲಿ ಒಬ್ಬ ಗಿರಾಕಿ ಬಂದು ಬಾಗಿಲಲ್ಲೇ ನಿಂತು ಹಾಗೇ ವಾಪಸು ಹೋದ.

ಗ್ರೈಂಡರು ಮೊದಲು ಸಿಕ್ಕಿತು. ಸೌಟನ್ನು ಕೆಳಗಿನ ಕವಲಿನಲ್ಲಿಟ್ಟು ಮೆಲ್ಲಗೆ ಒಳಕ್ಕೆ ತಳ್ಳಿದರೆ ಸಾಕು, ತಾನಾಗಿ ಬೀಸುತ್ತದೆ. ಮಿಷನ್ನು ಆಯ್ದದ್ದು ನಾನೇ. ಗಿಡ್ಡನೆಯದು, ಭಾರವಾದದ್ದು, ಅಷ್ಟೇನೂ ಚಂದವಿಲ್ಲ. ನೀರು ಮೇಲಿನಿಂದ ಹೊಯ್ಯಬಹುದು, ಸ್ವಿಚ್ಚು ಮುಂದುಗಡೆ. ಸೌಟು ತಿರುಗಿಸುವುದೊಂದೇ ಕಷ್ಟ. ನನ್ನ ಎಡಗೈಗೆ ಕೊನೆಯ ಬಿಗಿ ಸಿಗಲಿಲ್ಲ.

ಇವರು ಬಗ್ಗಿ ಆ ಹಿಡಿಯನ್ನು ನೋಡಿದರು. "ಹಿಡಿ ಗಿಡ್ಡ ಆಯ್ತು. ಉದ್ದ ಮಾಡುದ್ರೆ ಬತ್ತದೆ. ಅದು ನಮ್ಮೂರಾಗೆ ಮಾಡ್ಕೊಳನ."

ನೇವಾಳ ಗಂಡನ ಮಿಷನ್ ನೇವಾಳ ಬಳಿಯೇ ಉಳಿಯಿತು. ಹೊರಡುವ ದಿನ ಅವಳು ಅದರಲ್ಲೇ ನಮಗೆ ಕಾಫಿ ಮಾಡಿ ಕೊಟ್ಟಳು, ಸನ್ನೆ ಎಳೆಯಲು ಇವರನ್ನು ಹತ್ತಿರ ಸೇರಿಸಲಿಲ್ಲ.

ವಾಪಸು

ಮಿಷನ್ನನ್ನು ನನ್ನ ಎರಡು ಕಾಟನ್ ಸೀರೆಗಳಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆವು, ಗ್ರೈಂಡರನ್ನು ಕೈಚೀಲದಲ್ಲಿ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆಗೆಸಿದರು. ಅಧಿಕಾರಿ ಸೀರೆ ಬಿಡಿಸಿ ನೋಡಿ, "ಏನಮ್ಮ ಇದು?" ಎಂದ.

"ಕಾಫಿ ಮಿಷನ್ನಪ್ಪ."

"ಚಿಕ್ಕಮಗಳೂರು ಪಕ್ಕದಲ್ಲಿಟ್ಕೊಂಡು ಕಾಫಿಗೆ ಇಟಲಿಗೆ ಹೋಗಿದ್ರಾ?" ಎಂದು ಸೀರೆಯನ್ನು ತಾನೇ ಅಚ್ಚುಕಟ್ಟಾಗಿ ಮತ್ತೆ ಸುತ್ತಿಕೊಟ್ಟ.

ಬಂಗಾರಪೇಟೆಯ ಪುಡಿ ಅಂಗಡಿಯಲ್ಲಿ, ಚಿಕೋರಿ ಬೇಡ, ಪುಡಿಯೂ ಬೇಡ, ಹುರಿದ ಬೀಜವನ್ನೇ ಕೊಡಿ ಎಂದಾಗ ಅಂಗಡಿಯವರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. "ಬಿತ್ತನೆಗಾ ಮೇಡಂ? ಉರಿದಿದ್ದು ಮೊಳಕೆ ಬರಲ್ಲ," ಎಂದರು. ನನ್ನ ಹಳೇ ವಿದ್ಯಾರ್ಥಿಯ ತಂದೆ, ಹಾಗಾಗಿ ಅಷ್ಟು ಸಲಿಗೆ.

ಇವರು ರಾಬರ್ಟ್‌ಸನ್‌ಪೇಟೆಯಲ್ಲಿ ಸ್ನೇಹಿತರ ಲೇತ್ ಅಂಗಡಿಗೆ ಹೋಗಿ, ಮಾವಿನ ಮರದ ಉದ್ದನೆಯ ಹಿಡಿ ಕಡೆಸಿ ತಂದರು. ಮಿಷನ್ನನ್ನು ಒಂದು ದಪ್ಪ ಹಲಗೆಗೆ ಬಿಗಿದು, ಹಲಗೆಯನ್ನು ಕಟ್ಟೆಗೆ ಬಿಗಿದರು. ಮೊದಲ ಹಿಡಿ ತೀರಾ ಉದ್ದವಾಗಿ ಗೋಡೆಗೆ ತಗುಲಿತು. ಎರಡನೆಯದು ಕೈಗೆ ದಪ್ಪವಾಯಿತು. ಮೂರನೆಯದು ಕೂತಿತು. ನಾನು ಅಂಗೈಯಿಂದ ತಳ್ಳಿದರೆ ಸಾಕು, ಸೌಟು ಬಿಗಿಯಾಗಿ ಕಚ್ಚಿಕೊಂಡಿತು.

ಕಾಫಿ ಮಾತ್ರ ಅಷ್ಟು ಬೇಗ ಒಲಿಯಲಿಲ್ಲ. ಬೀಸಿದ್ದು ತರಿಯಾದರೆ ನಲ್ಲಿಯ ಹಾಗೆ ಸುರಿದು ನೀರುನೀರು, ನುಣ್ಣಗಾದರೆ ಮಿಷನ್ ಮುನಿಸಿಕೊಂಡು ಸುಮ್ಮನಾಗುವುದು. ಗ್ರೈಂಡರಿನ ತಿರುಪನ್ನು ಒಂದೊಂದೇ ಗೆರೆ ಆಚೆ ಈಚೆ ಮಾಡುತ್ತಾ ಕೂತೆ. ಇವರು ಬಾಗಿಲಲ್ಲಿ ನಿಂತು, "ಇನ್ನೊಂದ್ ಗೆರೆ ಒಳಗ್ ತಗಾ," ಎನ್ನಲು ಬಾಯಿ ತೆರೆದು, ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಕೆಟ್ಟ ಕಾಫಿಯನ್ನೆಲ್ಲ ಮಾತಿಲ್ಲದೆ ಕುಡಿದರು.

ಒಂದು ಬೆಳಿಗ್ಗೆ ಸರಿಯಾಗಿ ಇಳಿಯಿತು. ಬೂದಿಕೋಟೆಯ ಹಾಲನ್ನು ಹಬೆಯಲ್ಲಿ ಬಿಸಿ ಮಾಡಿ ಬೆರೆಸಿದೆ, ಸಕ್ಕರೆ ಹಾಕಿದೆ. ಲೋಟ ಹಿಡಿದು ಹೋಗಿ ಹೊಸ್ತಿಲ ಮೇಲೆ ಕೂತೆ. ಬೀದಿಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ. ಒಳಗೆ ಇವರ ಗೊರಕೆ ನಿಂತು ಬಹಳ ಹೊತ್ತಾಗಿತ್ತು. ಗ್ರೈಂಡರಿನ ಸದ್ದಿಗೇ ಎಚ್ಚರವಾಗಿದೆ, ಆದರೂ ಎದ್ದು ಬರುತ್ತಿಲ್ಲ ಎಂದು ನನಗೆ ಗೊತ್ತಾಯಿತು. ನಾನೂ ಕೂಗಲಿಲ್ಲ. ಲೋಟ ಪೂರ್ತಿ ಮುಗಿಸಿದೆ.

ನಾನು ಒಳಗೆ ಬಂದು ಲೋಟ ಇಟ್ಟ ಸದ್ದು ಕೇಳಿದ ಮೇಲೆ ಇವರು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು. ಕೈಗಳನ್ನು ಎಲ್ಲಿಡುವುದೆಂದು ತಿಳಿಯದವರ ಹಾಗೆ ನಿಂತರು.

"ನಂಗೂ ಒಂದ್ ಸಿಕ್ತದಾ?" ಎಂದರು.

"ಕೂತ್ಕೊಳ್ಳಿ, ತರ್ತೀನಿ," ಎಂದೆ.